ಬಿಡಬಹುದಾ ಡಾಕ್ಟ್ರೇ

ನನ್ನ ಬೋರ್ಡಿನ ಮೇಲೆ ಬರೆದಿದೆ:
ಚರ್ಮ, ಕೂದಲು, ಉಗುರು.
ಬಳ್ಳಾರಿಗೆ ಅಷ್ಟೇ ಸಾಕು. ಮಾರ್ಚಿಯಿಂದ ಜೂನಿನ ತನಕ
ಊರಿನ ಬೆವರುಸಾಲೆಯೇ ನನ್ನ ಬಾಡಿಗೆ ಕಟ್ಟುತ್ತದೆ.

ಗೆಳೆಯನ ಗೆಳೆಯನೊಬ್ಬ ಫೋನು ಮಾಡಿದ:
'ರಿಂಗಿನ ಪಕ್ಕ ಒಬ್ಬ ಡಾಕ್ಟ್ರು ಇರ್ಬೇಕಂತ್ರೀ, ರೂಲ್ಸು.
ಸುಮ್ನೆ ಕುಂತ್ರೆ ಸಾಕು. ಎರಡು ಸಾವಿರ, ಮ್ಯಾಲೆ ಊಟ.'
ಕೂತೆ.

ಕಲ್ಯಾಣ ಮಂಟಪ ಅದು. ಹಿಂದಿನ ದಿನದ ಥರ್ಮಾಕೋಲು
ಇನ್ನೂ ಗೋಡೆಯಲ್ಲಿತ್ತು, ಗಂಡಿನ ಹೆಸರು ಮಾತ್ರ;
ಹುಡುಗಿಯದನ್ನು ಯಾರೋ ಕಿತ್ತಿದ್ದರು.
ಕೆಳಗೆ ಹಲಗೆ, ಹಗ್ಗ, ಆರು ಸುತ್ತಿನ ಆಟ.
ತಲೆಗೆ ಕಾಪಿಲ್ಲ, ಇದು ದುಡ್ಡಿನ ಬಾಕ್ಸಿಂಗು,
ಗೆದ್ದವನಿಗೆ ಹದಿನೈದು ಸಾವಿರ.

ಕೆಂಪು ಮೂಲೆಯಲ್ಲಿ ಗಾದಿಲಿಂಗ,
ಕೌಲ್ ಬಜಾರಿನ ಜೀನ್ಸ್ ಕಟಿಂಗ್ ಮಾಸ್ತರ.
ಅರವತ್ತು ಪದರ ಬಟ್ಟೆ ಒಮ್ಮೆಗೇ ಕೊಯ್ಯುವ ಕೈ.
ತೂಕ ಇಳಿಸಲು ಎರಡು ದಿನ ನೀರು ಬಿಟ್ಟಿದ್ದನಂತೆ.
ಕೇಳಿರಲಿಲ್ಲ ನಾನು.
ಹದಿನೈದು ದಿನದ ಹಿಂದೆ, ರಾಯಚೂರಿನಲ್ಲಿ,
ಅಭ್ಯಾಸದಲ್ಲಿ ಒಮ್ಮೆ ಬಿದ್ದಿದ್ದನಂತೆ, ಲೆಕ್ಕಕ್ಕಿಲ್ಲದ ಬೀಳು.
ಅದನ್ನೂ.

ನಾಲ್ಕನೇ ಸುತ್ತು ಮುಗಿದಾಗ ರೆಫರಿ ನನ್ನತ್ತ ಕೈ ಮಾಡಿದ.
ಹುಬ್ಬು ಸೀಳಿತ್ತು. ಗಾಯ ನನಗೆ ಗೊತ್ತು:
ಅಂಚು ನೇರ, ಆಳವಿಲ್ಲ, ಮೂರು ಹೊಲಿಗೆ.
ಚರ್ಮ ನೋಡಿದೆ. ಚರ್ಮ ಚೆನ್ನಾಗಿತ್ತು.

ಟಾರ್ಚು ಹಿಡಿದೆ.
ಎಡಗಣ್ಣಿನ ಪಾಪೆ ಥಟ್ಟನೆ ಕಿರಿದಾಯಿತು.
ಬಲದ್ದು ಒಂಚೂರು ಯೋಚಿಸಿತು.
ಮೇಲಿನ ಫೋಕಸ್ ಲೈಟಿನದಿರಬೇಕು, ಅಂದುಕೊಂಡೆ.
'ಇದು ಯಾವ ಊರಪ್ಪಾ?'
'ಬಳ್ಳಾರಿ, ಸಾರ್.'
'ವಾರ?'
ಹಿಂದಿನಿಂದ ಯಾರೋ 'ಶನಿವಾರ' ಅಂದರು.
'ಶನಿವಾರ,' ಅಂದ.
'ಬಿಡಬಹುದಾ ಡಾಕ್ಟ್ರೇ?'

ಆರುನೂರು ಕುರ್ಚಿ ಕಾಯುತ್ತಿದ್ದವು.
ತಲೆ ಆಡಿಸಿದೆ.
ನಮ್ಮ ಕಡೆ ತಲೆಯಾಡಿಸಿದರೆ ಹೌದೂ ಆಗುತ್ತದೆ, ಅಲ್ಲವೂ ಆಗುತ್ತದೆ,
ರೆಫರಿ ಹೌದೆಂದು ಓದಿಕೊಂಡ.
ಇಲ್ಲ, ಸುಳ್ಳು.
ಹೌದೆಂದೇ ಆಡಿಸಿದ್ದೆ.

ಒಣಗಿದ ಕಾಯಿ ಕೊಳ್ಳುವಾಗ ಅಮ್ಮ
ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದಳು;
ಒಳಗೆ ಗಿಟುಕು ಕಳಚಿಕೊಂಡಿದ್ದರೆ ಗಟಗಟ ಅನ್ನುತ್ತಿತ್ತು.
ಗ್ಲೌಸಿನ ಮೆತ್ತೆ ಕಾಯುವುದು ಹೊಡೆಯುವವನ ಬೆರಳನ್ನು.
ಹೊಡೆಸಿಕೊಂಡವನ ಬುರುಡೆ ಥಟ್ಟನೆ ನಿಲ್ಲುತ್ತದೆ,
ಒಳಗಿನದು ತನ್ನ ನೀರಿನಲ್ಲಿ ತೇಲುತ್ತ
ಕೊಂಚ ತಡವಾಗಿ ಹೋಗಿ ಗೋಡೆಗೆ ಬಡಿಯುತ್ತದೆ.
ಅದಕ್ಕೆ ಸದ್ದಿಲ್ಲ.

ಐದನೇ ಸುತ್ತಿನಲ್ಲಿ ಏಟು ಬೀಳಲೇ ಇಲ್ಲ.
ನಿಂತಿದ್ದವನು ಮಂಡಿಯೂರಿ ಕೂತ,
ಉರುಳಿಹೋದ ಗುಂಡಿ ಹುಡುಕುವ ದರ್ಜಿಯ ಹಾಗೆ.
ನಾಟಕವೆಂದು ಜನ ಸಿಳ್ಳೆ ಹಾಕಿದರು.
ಆಂಬುಲೆನ್ಸು ಇತ್ತು, ನಿಯಮದಂತೆ.
ಅದರ ಡ್ರೈವರು ಒಗ್ಗರಣೆ ಮಿರ್ಚಿ ತಿನ್ನಲು ಹೋಗಿದ್ದ.
ಹನ್ನೊಂದು ನಿಮಿಷ.
ವಿಮ್ಸಿನಲ್ಲಿ ರಾತ್ರೋರಾತ್ರಿ ಬುರುಡೆಗೊಂದು ಕಿಟಕಿ ಕೊರೆದರು,
ಕಟ್ಟಿದ್ದ ರಕ್ತ ತೆಗೆದರು.
ಬದುಕಿದ.

ಅಲ್ಲಿಗೇ ಮುಗಿಸಿದ್ದರೆ ನನಗೆ ಸುಲಭವಿತ್ತು.

ನಿನ್ನೆ ಕ್ಲಿನಿಕ್ಕಿಗೆ ಬಂದಿದ್ದ, ಅಕ್ಕ ಯರ್ರಮ್ಮನ ಕೈ ಹಿಡಿದು.
ಕಿವಿಯ ಮೇಲೆ ಲಾಳದಂಥ ಗುರುತು, ಅಲ್ಲಿ ಕೂದಲಿಲ್ಲ.
'ಇಷ್ಟು ಮುಚ್ಚಿಕೊಡ್ರಿ ಸಾಕು. ಹೆಣ್ಣಿನೋರು ನೋಡಾಕ ಬರ್ತಾರ.'
ಕಟಿಂಗ್ ಮಿಷನ್ನು ಮುಟ್ಟಗೊಡುವುದಿಲ್ಲವಂತೆ ಈಗ.
ಪ್ಯಾಂಟು ಮಡಚುತ್ತಾನೆ,
ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಾನೆ.
ನನ್ನ ಗುರುತು ಅವರಿಬ್ಬರಿಗೂ ಇಲ್ಲ.

ಮುಲಾಮು ಬರೆಯುತ್ತಿದ್ದೆ.
ಅವನು ಮೇಜಿನ ಮೇಲಿದ್ದ ಟಾರ್ಚು ಎತ್ತಿಕೊಂಡ,
ಹಚ್ಚಿ ನನ್ನ ಕಣ್ಣಿಗೆ ಹಿಡಿದು ನಕ್ಕ.
'ಇದು ಯಾವ ಊರ್ರೀ?'
'ಬಳ್ಳಾರಿ,' ಅಂದೆ.
'ವಾರ?'

ಹಿಂದಿನಿಂದ ಯಾರೂ ಹೇಳಿಕೊಡಲಿಲ್ಲ.