ಏಳನೇ ನಂಬರಿನ ಬಸ್ಸು

ಬೆಳಿಗ್ಗೆ ಐದೂಮುಕ್ಕಾಲಿಗೆ ಡಿಪೋ ಬಿಡುತ್ತೇನೆ.
ಗಾಜಿನ ಮೇಲೆ ಹಿಮ. ಕೆರೆದರೆ ಊರು ಕಾಣುತ್ತದೆ:
ಮಿಸೂರಿಯ ಕಂದು ಹೊಳೆ, ಜೋಳದ ಕಣಜದ ಗೋಪುರ,
ಗುಡ್ಡದ ಮೇಲೆ ಯೂನಿವರ್ಸಿಟಿ.
ಆಗಸ್ಟ್ ಕೊನೆಗೆ ಊರು ಉಬ್ಬುತ್ತದೆ;
ಮೇ ತಿಂಗಳಿಗೆ ಇಳಿದು,
ರಸ್ತೆಯ ಅಂಚಿಗೆಲ್ಲ ಬಿಟ್ಟುಹೋದ ಸೋಫಾಗಳು.

ಟಿಕೆಟ್ಟು ಒಂದೂವರೆ ಡಾಲರು.
ಗುಡ್ಡಕ್ಕೆ ಹೋಗುವವರಿಗೆ ಮಾತ್ರ ಪುಕ್ಕಟೆ,
ಕಾರ್ಡು ತೋರಿಸಿದರೆ ಸಾಕು.
'ಅವರಿಗೇ ಯಾಕೆ?' ಎಂದು ಕೇಳಿದ್ದಳು ಕೆಂಡ್ರಾ ಪೂಲ್.
ನಾನು ಬಾಗಿಲು ಹಾಕಿದೆ.

ಬ್ಯೂಟಿ ಸ್ಕೂಲಿನವಳು. ಮಡಿಲಲ್ಲೊಂದು ರಬ್ಬರಿನ ತಲೆ,
ಅರ್ಧ ಹೆಣೆದ ಜಡೆ.
ಪರವಾನಗಿಗೆ ಸಾವಿರದೈನೂರು ಗಂಟೆ ಬೇಕಂತೆ.
ಸಿಗ್ನಲ್ಲಿಗೆ ನಿಂತಾಗಲೆಲ್ಲ ಅವಳ ಬೆರಳು ಓಡುತ್ತದೆ.
'ಇದು ಲೆಕ್ಕಕ್ಕೆ ಬರಲ್ಲ' ಅನ್ನುತ್ತಾಳೆ,
'ಬಸ್ಸಿನಲ್ಲಿ ಕಲಿತದ್ದಕ್ಕೆ ಅವರ ಹತ್ತಿರ ಕಾಲಂ ಇಲ್ಲ.'

ಹನ್ನೆರಡನೇ ಸ್ಟಾಪಿನಲ್ಲಿ ಮೋಸ್ ಯೋಡರ್.
ಕುದುರೆಗಾಡಿಯ ಜನರ ಮಗ; ಅವರಲ್ಲಿ
ಎಂಟನೆಯದಕ್ಕೇ ಓದಿಗೆ ಮಂಗಳ.
ಮನೆ ಬಿಟ್ಟು ಬಂದು, ಇಪ್ಪತ್ತೆರಡಕ್ಕೆ,
ಚರ್ಚಿನ ನೆಲಮಾಳಿಗೆಯಲ್ಲಿ ಬೀಜಗಣಿತ ಕಲಿಯುತ್ತಿದ್ದಾನೆ.
ಕೊಟ್ಟಿಗೆ ಕಟ್ಟುವಾಗ ತೊಲೆಯ ಓಟವನ್ನು
ಕಣ್ಣಳತೆಯಲ್ಲೇ ಹೇಳುತ್ತಿದ್ದನಂತೆ.
ಅದಕ್ಕೊಂದು ಹೆಸರಿತ್ತೆಂದು ಈಗ ತಿಳಿದು
ಸ್ವಲ್ಪ ಸಿಟ್ಟಾಗಿದ್ದಾನೆ.

ಹೈವೇ ಪಕ್ಕದ ಕಮ್ಯೂನಿಟಿ ಕಾಲೇಜು ಮೊದಲು ಜವಳಿ ಅಂಗಡಿ.
ಬೂಟುಗಳಿದ್ದಲ್ಲಿ ನರ್ಸಿಂಗು.
ಎಸ್ಕಲೇಟರು ಓಡುವುದಿಲ್ಲ, ಮೆಟ್ಟಿಲೆಂದು ಒಪ್ಪಿಕೊಂಡು ನಿಂತಿದೆ.
ವೆಲ್ಡಿಂಗು ಉಂಟು, ಹಲ್ಲಿನ ಎಕ್ಸ್‌ರೇ ಉಂಟು,
ಎರಡು ವರ್ಷಕ್ಕೆ ಶವಸಂಸ್ಕಾರದ ಡಿಪ್ಲೊಮಾವೂ ಉಂಟು.
ಅದಕ್ಕೆ ಸೇರಿದ ವೆಂಡೆಲ್ ಎಂಬ ಹುಡುಗನೇ
ಇಡೀ ಬಸ್ಸನ್ನು ನಗಿಸುವವನು:
'ನಮ್ಮಲ್ಲಿ ಗಿರಾಕಿ ತಿರುಗಿ ಬಂದು ದೂರುವುದಿಲ್ಲ, ಮೇಡಂ.'

ಗುಡ್ಡದ ಮೇಲೆ ಬಾಗಿಲು ತೆರೆದರೆ ಕಾಫಿಯ ಗಮಲು,
ಕಿವಿಗೆ ಬಿಳಿ ಮಣಿ ಸಿಕ್ಕಿಸಿಕೊಂಡ ಮಕ್ಕಳು.
ಕೆಲವರ ಸಾಲ ನನ್ನ ಮನೆಗಿಂತ ದೊಡ್ಡದು.
ಅದು ಗೊತ್ತಾದವರು
ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಾರೆ.

ತೊಂಬತ್ತನಾಲ್ಕರಲ್ಲಿ ನಾನೂ ಆ ಗುಡ್ಡ ಹತ್ತಿದ್ದೆ.
ಇಪ್ಪತ್ತಮೂರು ಕ್ರೆಡಿಟ್ಟು.
ಆಮೇಲೆ ಏನಾಯಿತು ಎಂದರೆ, ಹೇಳುವಂಥದ್ದೇನೂ ಆಗಲಿಲ್ಲ.
ಒಂದು ಚಳಿಗಾಲ ಕಾರು ಕೆಟ್ಟಿತು.
ಒಂಬತ್ತರ ಕ್ಲಾಸಿಗೆ ಬಸ್ಸಿರಲಿಲ್ಲ.

ಹೋದ ಗುರುವಾರ ರಜೆ ಹಾಕಿ ಹೋಗಿ ಕೇಳಿದೆ.
ಗಾಜಿನ ಹಿಂದಿನ ಹುಡುಗ ಪರದೆ ನೋಡಿ ಹೇಳಿದ:
ಹದಿನಾಲ್ಕು ಇನ್ನೂ ನಡೆಯುತ್ತವೆ,
ಒಂಬತ್ತರ ಅವಧಿ ಮುಗಿದಿದೆ.
ಹಾಲೇನಪ್ಪ, ಹುಳಿಯೋದಕ್ಕೆ? ಎಂದೆ.
ಅವನಿಗೂ ನಗು ಬಂತು.
ಕಂಪ್ಯೂಟರ್ ಪರಿಚಯ ಕೆಟ್ಟಿತೆಂದರೆ ಸರಿ, ಒಪ್ಪಿದೆ.
ಭೂಗೋಳ, ನಕಾಶೆ ಓದುವುದು? ಅದನ್ನು ಒಪ್ಪಲಿಲ್ಲ.
ಅಲ್ಲೇ ನಿಂತು ಕಣ್ಣು ಮುಚ್ಚಿ ಊರನ್ನು ಒಪ್ಪಿಸಿದೆ,
ಸ್ಟಾಪಿನಿಂದ ಸ್ಟಾಪಿಗೆ: ಎಲ್ಲಿ ನೀರು ನಿಲ್ಲುತ್ತದೆ,
ಹಿಮ ಎಲ್ಲಿ ಎಲ್ಲದಕ್ಕಿಂತ ಕೊನೆಗೆ ಕರಗುತ್ತದೆ,
ಯಾವ ತಿರುವಿನಲ್ಲಿ ನಿಂತವರು
ಹಿಡಿಕೆಯನ್ನು ತಾವಾಗಿ ಬಿಗಿ ಹಿಡಿಯುತ್ತಾರೆ.
ಹಿಂದಿನ ಸಾಲು ಸುಮ್ಮನಾಯಿತು.
ಅವನು ಏನನ್ನೂ ಬರೆದುಕೊಳ್ಳಲಿಲ್ಲ.
ಅರ್ಜಿ ಮಾತ್ರ ಕೊಟ್ಟ.

ಬುತ್ತಿ ಡಬ್ಬಿಯಲ್ಲಿಟ್ಟಿದ್ದೇನೆ, ಒಂದು ಮೂಲೆಗೆ ಸಾಸಿವೆಯ ಕಲೆ.
ಮೂರನೇ ಪುಟದಲ್ಲಿ ಕೇಳಿದ್ದಾರೆ:
ತರಗತಿಗೆ ಹೇಗೆ ಬರುತ್ತೀರಿ?
ಕಾರು, ಸೈಕಲ್ಲು, ನಡಿಗೆ, ಬಸ್ಸು.
ಬಸ್ಸಿನ ಮುಂದೆ ಗುರುತು ಹಾಕಿದೆ.
ಒಂಬತ್ತರ ಕ್ಲಾಸಿಗೆ ಈಗ ಬಸ್ಸಿದೆ,
ಎಂಟೂ ನಲವತ್ತಕ್ಕೆ ಸರಿಯಾಗಿ ಬಾಗಿಲ ಮುಂದೆ ನಿಲ್ಲುತ್ತದೆ.
ನಿಲ್ಲಿಸುವವಳು ನಾನೇ. ಇಳಿಯುವ ಹಾಗಿಲ್ಲ.

ಸಂಜೆಯ ಕ್ಲಾಸುಂಟೆ ಎಂದು ಕೇಳಬೇಕು,
ಮುಂದಿನ ಗುರುವಾರ.