ನಸುಗೆಂಪು

ನಮ್ಮಲ್ಲಿ ಈ ಬಣ್ಣಕ್ಕೆ ಸ್ವಂತ ಹೆಸರಿಲ್ಲ.
ಗುಲಾಬಿಯ ಹೆಸರನ್ನೇ ಸಾಲ ತಂದು
ಮದುವೆ ಸೀರೆಗೆ, ಮಕ್ಕಳ ಫ್ರಾಕಿಗೆ, ಬೊಂಬಾಯಿ ಮಿಠಾಯಿಗೆ
ಹಚ್ಚಿಕೊಂಡು ದಿನ ನೂಕುತ್ತೇವೆ.
ನಸುಗೆಂಪು ಅನ್ನಬಹುದು. ಅಂದರೆ
ಕೆಂಪಾಗಲು ಹೊರಟು ನಡುದಾರಿಯಲ್ಲಿ
ಯಾರೋ ಕರೆದಂತಾಗಿ ತಿರುಗಿ ನಿಂತದ್ದು.

ಹಂಪನಕಟ್ಟೆ ಬದಿಯ ಎವುಜಿನ್ ಬಾಯಮ್ಮನ ಹೂವಿನಂಗಡಿಯಲ್ಲಿ
ನನಗೆ ಹನ್ನೊಂದು ವರ್ಷದ ಸರ್ವಿಸು.
ಬೆಳಗ್ಗೆ ಐದಕ್ಕೆ, ಘಾಟಿ ಇಳಿದು ಬಂದ ಬಸ್ಸಿನ ಡಿಕ್ಕಿಯಿಂದ
ಹಳೆ ಪೇಪರು ಸುತ್ತಿದ ಕಟ್ಟು ಇಳಿಸುತ್ತೇನೆ.
ಕಟ್ಟಿಗೆ ಇಪ್ಪತ್ತು; ಅದರಲ್ಲಿ ಎರಡು ಕತ್ತು ಮುರಿದವು.
ಅವನ್ನು ಬಾಯಮ್ಮ ಬಿಸಾಡುವುದಿಲ್ಲ,
ಎಸಳು ಬಿಡಿಸಿ ಸ್ಟೀಲಿನ ಡಬ್ಬಿಗೆ.
ಮದುಮಕ್ಕಳ ತಲೆಗೂ ಆಗುತ್ತದೆ, ಶವಪೆಟ್ಟಿಗೆಗೂ.
ಎಸಳಿಗೆ ಏನು ಗೊತ್ತು.

ಕಾಲೇಜಿನ ಹುಡುಗನೊಬ್ಬ ಕೇಳಿದ: ಅಕ್ಕ,
ಕೆಂಪು ಕೊಟ್ಟರೆ ಜಾಸ್ತಿ ಆಯಿತು,
ಹಳದಿ ಕೊಟ್ಟರೆ ಬರೀ ಫ್ರೆಂಡು,
ಇದರ ಅರ್ಥ ಎಂತ?
ಬಾಯಮ್ಮ ದಾರ ಕಚ್ಚಿ ತುಂಡು ಮಾಡುತ್ತಾ ಹೇಳಿದರು:
ಮೂವತ್ತು ರೂಪಾಯಿ ಮಗಾ.

ಅರ್ಥವೇ ಬೇಕಾದವರಿಗೆ ನಾನು ಬೇರೆ ಲೆಕ್ಕ ಕೊಟ್ಟೇನು.
ಕಣಗಿಲೆ ದೇವರ ತಲೆಗೆ ಸಲ್ಲುತ್ತದೆ,
ಕರುವಿನ ಬಾಯಿಗೆ ಸಲ್ಲದು.
ತಣ್ಣೀರುಬಾವಿಯ ಮರಳಲ್ಲಿ ಅಡುಂಬು ಬಳ್ಳಿಯ ಹೂ
ಮಧ್ಯಾಹ್ನದೊಳಗೆ ಸೋಲುತ್ತದೆ,
ಬೇರು ಮಾತ್ರ ದಂಡೆಯ ಸೆರಗು ಬಿಡುವುದಿಲ್ಲ.
ಮುಟ್ಟಿದರೆ ಮುನಿ: ಎಲೆ ಮುನಿಯುತ್ತದೆ ನಿಜ,
ಹೂವನ್ನು ಎಷ್ಟು ಮುಟ್ಟಿದರೂ ಮುನಿಸಿಲ್ಲ.
ಇನ್ನು ಹಿತ್ತಲ ಜಂಬು ಮರ. ಕೇಸರವೆಲ್ಲ ಉದುರಿಸಿ
ಬಾಯಮ್ಮನ ಸ್ಕೂಟರಿಗೆ ಮಂದರಿ ಹಾಸುತ್ತದೆ.
ಮಾರಲು ಬರುವುದಿಲ್ಲ. ಗುಡಿಸಬೇಕು.

ವಾರಿಜಕ್ಕನನ್ನು ಎಂಟನೇ ವಾರ್ಡಿಗೆ ಹಾಕಿದ ವಾರ
ಒಳ್ಳೆಯ ಹನ್ನೆರಡು ಆರಿಸಿ, ಮುಳ್ಳು ಕೆರೆದು, ಒಯ್ದೆ.
ಬಾಗಿಲಲ್ಲೇ ವಾಚ್‌ಮನ್ ತಡೆದ:
ಈ ವಾರ್ಡಿಗೆ ಹೂ ಬಿಡುವುದಿಲ್ಲ ಮಾರಾಯ್ತಿ,
ಒಳಗಿರುವವರು ರಕ್ತ ಸೋತವರು.
ಅವನ ಸ್ಟೂಲಿನ ಮೇಲಿಟ್ಟು ಬರಿಗೈಯಲ್ಲಿ ಹತ್ತಿದೆ.
(ಇಳಿದು ಬರುವಾಗ ಹನ್ನೊಂದಿದ್ದವು. ಯಾರಿಗೋ, ಪಾಪ.
ಎಣಿಸಿದ್ದು ಗೊತ್ತಾಗದಿರಲೆಂದು ಗೋಡೆ ನೋಡಿದೆ.)

ತಲೆ ತುಂಬ ಮುಡಿಯುತ್ತಿದ್ದವಳ ತಲೆಯಲ್ಲಿ
ಒಂದೆಳೆ ಕೂದಲಿಲ್ಲ.
ಮೇಲೆ ತೂಗುವ ಚೀಲದಿಂದ ಬರೀ ನೀರಿನಂಥದ್ದು
ಹನಿದು ಹನಿದು ಅವಳ ಕೈಗೆ.
ಇದೆಂತ, ಅಂದೆ. ನರ್ಸು ಶೈನಿ ಗಡಿಯಾರ ನೋಡುತ್ತಲೇ:
ನಿತ್ಯಪುಷ್ಪದ್ದು. ನಿಮ್ಮ ಚರಂಡಿ ಬದಿಗೆ ಇರುತ್ತದಲ್ಲ,
ರೋಸ್ ಕಲರು, ಐದೆಸಳು, ಅದೇ.
ಹೂವಿನದ್ದಾ?
ಹೂವಿನದ್ದಲ್ಲ, ಎಲೆಯದ್ದು.

ಅಂಗಡಿಯ ಮೆಟ್ಟಿಲ ಬದಿ, ಆ ಗಿಡದ ಮೇಲೆ
ದಿನಾ ಬಕೆಟಿನ ಕೊಳೆನೀರು ಚೆಲ್ಲಿದವಳು ನಾನು.
ಒಬ್ಬ ಗಿರಾಕಿಯೂ ಅದನ್ನು ಬೆರಳು ಮಾಡಿ ಕೇಳಿದ್ದಿಲ್ಲ.
ಈಗ ನೋಡಿದರೆ, ಬಣ್ಣ ಕಳಚಿಟ್ಟು,
ಚೀಟಿಯಲ್ಲಿ ಓದಲಾಗದ ಅಕ್ಷರವಾಗಿ,
ವಾಚ್‌ಮನ್‌ನ ಎದುರಿಂದಲೇ ಲಿಫ್ಟು ಹತ್ತಿ,
ನನಗಿಂತ ಮೊದಲು ಬಂದು
ಅವಳ ಕೈ ಹಿಡಿದು ಕೂತಿದೆ.

ಎಲೆಯೇ ಎಲ್ಲ ಮಾಡುವುದಾದರೆ
ಹೂವು ಯಾಕೆ ಬೇಕಿತ್ತು, ಅಂದೆ. ಯಾರಿಗೂ ಅಲ್ಲ.
ವಾರಿಜಕ್ಕ ಕಣ್ಣು ತೆರೆಯದೆ:
ಹೂ ಬಿಡದಿದ್ದರೆ
ಕಳೆ ಅಂತ ಕಿತ್ತು ಬಿಸಾಡುತ್ತಿದ್ದೆವಲ್ಲ.

ಮೂರನೇ ವಾರ ಡಾಕ್ಟರು
ಅವಳ ಕೆಳರೆಪ್ಪೆ ಎಳೆದು ನೋಡಿ
ಏನೂ ಹೇಳದೆ ಮುಂದಿನ ಮಂಚಕ್ಕೆ ಹೋದರು.
ನಾನೂ ಎಳೆದು ನೋಡಿದೆ.
ಬಿಳಿ. ತೊಳೆದಿಟ್ಟ ಬಸಿಯ ಹಾಗೆ ಬಿಳಿ.
ಕಿಟಕಿ ಕಡೆ ಸ್ವಲ್ಪ ತಿರುಗು ಅಂದೆ, ತಿರುಗಿದಳು.
ಮೂಗಿನ ಪಕ್ಕದ ಮೂಲೆಯಲ್ಲಿ,
ಬೆಳಕಿನದ್ದೋ, ಅವಳದ್ದೋ, ನನ್ನ ಆಸೆಯದ್ದೋ,
ಒಂದಿಷ್ಟು. ಕೆಂಪು ಅನ್ನಲಾರೆ.

ಬಾಯಮ್ಮನ ಫೋನು ಎರಡು ಸಲ ಬಂತು.
ರೆಪ್ಪೆ ಬಿಟ್ಟು ಎತ್ತಲು
ಬೆರಳು ಒಪ್ಪಲಿಲ್ಲ.