ಅಳೆದು ಸುರಿದು

ನಮ್ಮೂರ ಹೆಸರು ಆರೆಂಜ್ ಫಾರ್ಮ್.
ಒಂದು ಕಿತ್ತಳೆ ಗಿಡವನ್ನೂ ನಾನಿಲ್ಲಿ ಕಂಡಿಲ್ಲ.
ಪೇಟೆಗೆ ಹೋಗುವವರು ರಸ್ತೆಯಂಚಿಗೆ ನಿಂತು
ತೋರುಬೆರಳನ್ನು ಆಕಾಶಕ್ಕೆ ಎತ್ತಬೇಕು,
ಜೊಹಾನ್ಸ್‌ಬರ್ಗ್ ಮೇಲಿದೆ ಅಂತ ಯಾರು ಹೇಳಿದರೋ.
ಬಿಳಿ ವ್ಯಾನು ದೀಪ ಮಿಟುಕಿಸಿ ನಿಲ್ಲುತ್ತದೆ.

ಇವತ್ತು ರಜೆ ಹಾಕಿ
ದಾರಿಯೊಂದನ್ನೇ ನೋಡಿಕೊಂಡು ಬರಲು ಹೋಗಿದ್ದೆ.
ಕೋಳಿಗಿಂತ ಮೊದಲು ಎದ್ದೆ. ಜೂನ್ ತಿಂಗಳು,
ಬಕೆಟ್ಟಿನ ನೀರು ಹಾಲಿನಂತೆ ಕೆನೆಗಟ್ಟಿತ್ತು.
ಗಣಿಯವರು ಬಿಟ್ಟುಹೋದ ಹಳದಿ ದಿಬ್ಬಗಳು
ಒಂದೊಂದಾಗಿ ಬೆಳಗಾದವು.
ಪೇಟೆಯಲ್ಲಿ ಇಳಿದು ಇನ್ನೊಂದು ಸಾಲು, ಇನ್ನೊಂದು ವ್ಯಾನು;
ಮಿಡ್‌ರ‍್ಯಾಂಡಿನ ಕನ್ನಡಕದ ಕಾರ್ಖಾನೆಯ ಗೇಟು ಮುಟ್ಟಿದಾಗ
ಮನೆ ಬಿಟ್ಟು ಎರಡೂವರೆ ಗಂಟೆ.
ಕಾವಲಿನವನು ಕೇಳಿದ: ಹೊಸಬಳಾ?
ಇನ್ನೂ ಇಲ್ಲ, ಅಂದೆ.

ಹೋಗಲು ಐವತ್ತೆಂಟು, ಬರಲು ಐವತ್ತೆಂಟು.
ಇಪ್ಪತ್ತೆರಡು ದಿನಕ್ಕೆ ಎರಡು ಸಾವಿರದ ಐನೂರ ಐವತ್ತೆರಡು.
ಶಾಲೆಯ ಅಡುಗೆಮನೆ ನನಗೆ ಕೊಡುವುದು ನಾಲ್ಕು ಸಾವಿರದ ಮುನ್ನೂರು,
ಅವರು ಕೊಡುತ್ತೇವೆ ಅಂದದ್ದು ಏಳು ಸಾವಿರದ ಒಂಬೈನೂರು.
ಸಂಜೆ ಮಗನನ್ನು ನೋಡಿಕೊಳ್ಳಲು
ನ್ತಾಬೆಲೆಂಗ್ ಅಜ್ಜಿಗೆ ಆರುನೂರು.
ಬೇಡ ಅಂದಳು.
ಬೇಡ ಅಂದವರಿಗೇ ತಪ್ಪದೆ ಕೊಡಬೇಕಾಗುತ್ತದೆ.
ಉಳಿದದ್ದು ನಾನೂರ ನಲವತ್ತೆಂಟು.
ಅದನ್ನು ತಿಂಗಳ ನೂರ ಹತ್ತು ಗಂಟೆಗೆ ಹಂಚಿದೆ:
ಗಂಟೆಗೆ ನಾಲ್ಕು ರ‍್ಯಾಂಡ್.
ಕಾಲು ಬ್ರೆಡ್ಡು.
ಕರೆಂಟಿನ ಚೀಟಿಯ ಬೆನ್ನ ಮೇಲೆ ಇಷ್ಟೂ ಹಿಡಿಯಿತು.

ಚೀಟಿಯಲ್ಲಿ ಹಿಡಿಯದ್ದು:
ಹನ್ನೊಂದಕ್ಕೆ ಗಂಟೆ ಬಾರಿಸಿದಾಗ ತಟ್ಟೆ ಹಿಡಿದು
ಸಾಲಿನಲ್ಲಿ ತ್ಸೆಲಿಸೊ ಬರುತ್ತಾನೆ,
ನನ್ನ ಗುರುತೇ ಇಲ್ಲದವನ ಹಾಗೆ.
ನಾನೂ ಗುರುತಿಲ್ಲದವಳ ಹಾಗೆ
ಅವನಿಗೆ ಅರ್ಧ ಸೌಟು ಹೆಚ್ಚು ಹಾಕುತ್ತೇನೆ.

ಇನ್ನೊಂದೂ ಹಿಡಿಯಲಿಲ್ಲ.
ಸಂದರ್ಶನದ ದಿನ ಆ ಹೆಂಗಸು ನನ್ನ ಅಂಗೈಗೆ
ಒಂದು ಮಸೂರ ಇಟ್ಟು, ಏನು ಕಾಣುತ್ತದೆ ಅಂದಳು.
ಗೀರು ಕಾಣುತ್ತದೆ ಅಂದೆ.
ಅವಳಿಗೆ ಕಂಡಿರಲಿಲ್ಲ. ಬೆಳಕಿಗೆ ಹಿಡಿದಳು,
ತಿರುಗಿಸಿದಳು, ಆಮೇಲೆ ನನ್ನನ್ನು ನೋಡಿದಳು.
ಹದಿಮೂರು ವರ್ಷ ಹಂಡೆ ತಿಕ್ಕಿದ್ದೇನೆ.
ಯಾರೂ ಹಾಗೆ ನೋಡಿದ್ದಿಲ್ಲ.

ಬರುವಾಗ ಡ್ರೈವರನ ಪಕ್ಕ ಕೂತೆ.
ಅಲ್ಲಿ ಕೂತವರೇ ಎಲ್ಲರ ದುಡ್ಡು ಎಣಿಸಬೇಕು, ಅದು ವಾಡಿಕೆ.
ಹಿಂದಿನಿಂದ ಭುಜಗಳ ಮೇಲೆ ಹಾಯ್ದು ಬಂದವು
ಬೆವರಿನ ನೋಟು, ಬಿಸಿ ನಾಣ್ಯ,
ಇಬ್ಬರದು ಇದು, ಮೂವರದು ಅದು, ನೂರಕ್ಕೆ ಚಿಲ್ಲರೆ.
ಹದಿನೈದು ಜನರ ಲೆಕ್ಕ ಬಾಯಲ್ಲೇ ಮುಗಿಸಿದೆ.
ನನ್ನೊಬ್ಬಳದು ಮಾತ್ರ ಒಂದು ವಾರದಿಂದ ಅಳೆದು ಸುರಿದು,
ಸುರಿದು ಅಳೆದು.

ಕೊನೆಯ ಸೀಟಿನ ಮುದುಕ ಕೂಗಿದ:
ನಾಲ್ಕು ರ‍್ಯಾಂಡ್ ಕಡಿಮೆ ಬಂತು!
ಮತ್ತೆ ಎಣಿಸಲು ಮನಸ್ಸಾಗಲಿಲ್ಲ,
ನನ್ನ ಚೀಲದಿಂದ ತೆಗೆದು ಹಿಂದಕ್ಕೆ ಕಳಿಸಿದೆ.
ಒಂದು ಗಂಟೆ ಹೋಯಿತು, ಕೈಯಿಂದ ಕೈಗೆ.
ನಗು ಬಂತು. ಡ್ರೈವರ್ ತಿರುಗಿ ನೋಡಿದ.

ತಾಳಿದವಳು ಬಾಳಿಯಾಳು ಎಂದು ಅವ್ವ
ನನಗೆ ಮಾಮೆಲ್ಲೊ, ತಾಳ್ಮೆ, ಅಂತಲೇ ಹೆಸರಿಟ್ಟಳು.
ಎಲ್ಲಿ ಕೂತು ತಾಳಬೇಕು ಅಂತ ಹೇಳಲಿಲ್ಲ;
ಒಲೆಯ ಮುಂದೆಯೋ, ವ್ಯಾನಿನಲ್ಲೋ.

ಶುಕ್ರವಾರ. ಮಧ್ಯಾಹ್ನದೊಳಗೆ ತಿಳಿಸಬೇಕು.
ಮೆಕ್ಕೆಜೋಳದ ಗಂಜಿ ತಳ ಹಿಡಿಯುವ ಹೊತ್ತು,
ಎಡಗೈಯಲ್ಲಿ ಸೌಟು, ಬಲಗೈಯಲ್ಲಿ ಫೋನು.
ಹೂಂ ಅನ್ನಲು ತೆರೆದ ಬಾಯಿ
ತಾನೇ ಕೇಳಿಬಿಟ್ಟಿತು:
ಎಂಟರ ಬದಲು ಒಂಬತ್ತಕ್ಕೆ ಬಂದರೆ ಆಗುತ್ತದಾ?
ಅರ್ಧ ಬಸ್‌ಚಾರ್ಜು ಯಾರಾದರೂ ಕೊಡುತ್ತಾರಾ?

ಆ ಕಡೆ ಒಂದು ಉಸಿರು.
ಸ್ವಲ್ಪ ಲೈನಿನಲ್ಲೇ ಇರಿ, ಅಂದರು.
ಯಾವುದೋ ಪಿಟೀಲು ಹಚ್ಚಿ ಹೋದರು.
ಇದ್ದೇನೆ.
ಗಂಜಿ ಕುದಿಯುತ್ತಿದೆ,
ನನ್ನ ದುಡ್ಡಿನಲ್ಲೇ ಪಿಟೀಲು ನಡೆಯುತ್ತಿದೆ,
ಬಾಗಿಲಾಚೆ ತಟ್ಟೆಗಳ ಸದ್ದು ಶುರುವಾಗಿದೆ.